ಗುಜರಿಗೆ ಹೋಗಬೇಕಿದ್ದ ಹದಿನಾಲ್ಕು ಕಂಪ್ಯೂಟರ್‌ಗಳು

ನಮ್ಮ ಹಾಸ್ಟೆಲ್‌ನ ಸೈಕಲ್ ಸ್ಟ್ಯಾಂಡ್ ಪಕ್ಕದಲ್ಲಿ ಒಂದು ಹಳೇ ಸ್ಟೋರ್ ರೂಮಿದೆ. ಕಳೆದ ವರ್ಷ ಜುಲೈನಿಂದ ಅದರ ಮುಂದೆ ಹಾದುಹೋದವರೆಲ್ಲ ಒಳಗೆ ಇಣುಕಿ ಕೇಳಿದ್ದು ಒಂದೇ ಮಾತು: “ಏನ್ರೋ ಇದು, ಗುಜರಿ ಅಂಗಡಿ ಇಟ್ಟಿದ್ದೀರಾ?” ಮೊದಮೊದಲು ನಾವು ವಿವರಿಸೋಕೆ ಹೋಗ್ತಿದ್ವಿ. ಆಮೇಲಾಮೇಲೆ “ಹೂಂ, ಹಳೇ ಪೇಪರೂ ತಗೋತೀವಿ” ಅಂತ ಹೇಳಿ ಕೆಲಸ ಮುಂದುವರಿಸೋದನ್ನ ಕಲಿತ್ವಿ. “ಆ ರೂಮಲ್ಲಿ ಅಷ್ಟು ದಿನ ಏನ್ ಮಾಡ್ತಿದ್ರಿ ಅಂತ ಬರೆದುಕೊಡಿ” ಅಂತ ಕನ್ನಡ ಸಂಘದವರು ಬೆನ್ನು ಹತ್ತಿದ್ದರಿಂದ ಈ ಲೇಖನ. ನಾವು ಐದು ಜನ. ಇಬ್ಬರು ಇ.ಸಿ., ಇಬ್ಬರು ಸಿ.ಎಸ್., ಒಬ್ಬ ಟ್ರಿಪಲ್ ಇ. ಯಾರು ಏನು ಮಾಡಿದ್ರು ಅನ್ನೋ ಜಗಳ ಬೇಡ ಅಂತ ಎಲ್ಲ ಕಡೆಯೂ ‘ನಾವು’ ಅಂತಲೇ ಬರೆದಿದ್ದೀವಿ. ತಪ್ಪುಗಳಿಗೂ ಅದೇ ಲೆಕ್ಕ.

ಶುರುವಾಗಿದ್ದು ದೊಡ್ಡ ಆದರ್ಶದಿಂದ ಏನಲ್ಲ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಆಫೀಸಿನಲ್ಲಿ ನಮ್ಮ ಸೀನಿಯರ್ ಒಬ್ಬರು ಕೆಲಸ ಮಾಡ್ತಾರೆ. ಅಲ್ಲಿ ಹನ್ನೊಂದು ಡೆಸ್ಕ್‌ಟಾಪ್ ಒಟ್ಟಿಗೆ ತೆಗೆದುಹಾಕ್ತಿದ್ದಾರೆ, ಬೇಕಿದ್ರೆ ಬನ್ನಿ ಅಂತ ಫೋನ್ ಮಾಡಿದ್ರು. ಕಾರಣ ನಿಮಗೆಲ್ಲ ಗೊತ್ತಿರೋದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯೋದಿತ್ತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಈ ಹನ್ನೊಂದೂ ನಾಲ್ಕನೇ ತಲೆಮಾರಿನ ಐ-3. ಹಿಂದಿನ ದಿನದವರೆಗೆ ಅವುಗಳಲ್ಲೇ ಬಿಲ್ಲು ಹಾಕ್ತಿದ್ರು. ಕೆಟ್ಟಿರಲಿಲ್ಲ, ವಯಸ್ಸಾಗಿತ್ತು ಅಷ್ಟೇ.

ಇನ್ನು ಮೂರು ಮನೆಗಳಿಂದ ಬಂದವು. ಎರಡು ಪೆಂಟಿಯಂ 4, ಒಂದು ಕೋರ್ 2 ಡ್ಯುಯೋ. ಆ ಮೂರನೆಯದು ಸರಸ್ವತಿಪುರಂನ ಒಬ್ಬ ನಿವೃತ್ತ ಮೇಷ್ಟ್ರದ್ದು. ಅವರ ವಿಷಯ ಮುಂದೆ ಬರುತ್ತೆ. ಬರೆಯೋಕೆ ಮನಸ್ಸಿಲ್ಲದ ಭಾಗ ಅದೇ.

ಹದಿನಾಲ್ಕು ಸಿಪಿಯುಗಳನ್ನ ಎರಡು ಟ್ರಿಪ್ ಗೂಡ್ಸ್ ಆಟೋದಲ್ಲಿ ತಂದು ಇಳಿಸಿದ ಸಂಜೆ ನಮಗೆ ಬಹಳ ಹುರುಪು. ಎಲ್ಲವನ್ನೂ ಒಂದು ವಾರದಲ್ಲಿ ರೆಡಿ ಮಾಡಿಬಿಡೋಣ ಅಂದ್ಕೊಂಡ್ವಿ. ಮೂರು ವರ್ಷ ಇಂಜಿನಿಯರಿಂಗ್ ಓದಿದ್ದೀವಲ್ಲ! ಮೊದಲನೇ ಕ್ಯಾಬಿನೆಟ್ ಬಿಚ್ಚಿದಾಗ ಒಳಗಿದ್ದದ್ದು ಹತ್ತು ವರ್ಷದ ಧೂಳು, ಒಂದು ಸತ್ತ ಹಲ್ಲಿ, ಮತ್ತು ನಮಗೆ ಹೆಸರು ಮಾತ್ರ ಗೊತ್ತಿದ್ದ ಹಲವು ಭಾಗಗಳು. ಕಂಪ್ಯೂಟರ್ ಆರ್ಗನೈಸೇಶನ್‌ನಲ್ಲಿ ಪೈಪ್‌ಲೈನಿಂಗ್ ಬಗ್ಗೆ ಹತ್ತು ಮಾರ್ಕಿಗೆ ಬರೆದಿದ್ವಿ. ಆದ್ರೆ ಫ್ಯಾನ್ ತಿರುಗಿ ಸ್ಕ್ರೀನ್ ಬರದೇ ಮೂರು ಸಲ ಬೀಪ್ ಅಂದ್ರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ.

ಅದನ್ನ ಹೇಳಿಕೊಟ್ಟಿದ್ದು ಒಬ್ಬ ರಿಪೇರಿ ಅಂಗಡಿಯ ಅಣ್ಣ. ನಾವು ಮದರ್‌ಬೋರ್ಡನ್ನ ಪೇಪರಲ್ಲಿ ಸುತ್ತಿಕೊಂಡು ಹೋಗಿದ್ದು ನೋಡಿ ನಕ್ಕು, ರ‍್ಯಾಮ್ ಕಡ್ಡಿ ಮಾತ್ರ ಈಚೆಗೆ ತೆಗೆದು, ಮಗಳ ಜಾಮಿಟ್ರಿ ಬಾಕ್ಸಿನಿಂದ ಒಂದು ರಬ್ಬರ್ ಕೊಟ್ರು. “ಆ ಚಿನ್ನದ ಬಣ್ಣದ ಹಲ್ಲುಗಳಿವೆಯಲ್ಲ, ಪೆನ್ಸಿಲ್ ಅಳಿಸೋ ಥರ ನಿಧಾನಕ್ಕೆ ಉಜ್ಜಿ. ಗುರುತು ಹೋದ ಮೇಲೆ ಹಾಕಿ ನೋಡಿ.” ಉಜ್ಜಿ ಹಾಕಿದ್ರೆ ಯಂತ್ರ ಆನ್ ಆಯ್ತು. ಎರಡು ರೂಪಾಯಿ ರಬ್ಬರು. ಹನ್ನೊಂದರಲ್ಲಿ ನಾಲ್ಕಕ್ಕೆ ಇದೊಂದೇ ಔಷಧಿ ಸಾಕಾಯ್ತು. ಬೋರ್ಡಿನ ಸಂಪರ್ಕದ ಮೇಲೆ ವರ್ಷಗಟ್ಟಲೆ ಕೂತ ಕಿಲುಬಿನ ತೆಳು ಪದರವೇ ತಡೆಯಾಗಿತ್ತು.

ಆಮೇಲೆ ಕಲಿತದ್ದನ್ನೆಲ್ಲ ಬರೆದ್ರೆ ಲ್ಯಾಬ್ ರೆಕಾರ್ಡ್ ಆಗುತ್ತೆ. ಆದ್ರೂ ಒಂದೆರಡು ಹೇಳಲೇಬೇಕು. ಎಸ್‌ಎಂಪಿಎಸ್ ಬದುಕಿದೆಯೋ ಇಲ್ವೋ ನೋಡೋಕೆ ಅದನ್ನ ಬೋರ್ಡಿನಿಂದ ಬಿಡಿಸಿ, ದೊಡ್ಡ ಕನೆಕ್ಟರಿನ ಹಸಿರು ತಂತಿಯನ್ನ ಪಕ್ಕದ ಕಪ್ಪು ತಂತಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸಿದ್ರೆ ಫ್ಯಾನ್ ತಿರುಗುತ್ತೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ವಿಭೂತಿ ಥರ ಆಗಿರುತ್ತೆ. ಅದನ್ನ ಒರೆಸಿ ಹೊಸದು ಹಚ್ಚಿದ್ರೆ, ಹತ್ತು ನಿಮಿಷಕ್ಕೊಮ್ಮೆ ಆಫ್ ಆಗ್ತಿದ್ದ ಯಂತ್ರ ದಿನವಿಡೀ ಓಡುತ್ತೆ. ಇನ್ನೊಂದು ತಮಾಷೆ ಅಂದ್ರೆ ಬಟನ್ ಸೆಲ್ಲು. ಒಂದು ಯಂತ್ರದಲ್ಲಿ ಎಲ್ಲ ಸರಿಯಿದ್ರೂ ಯಾವ ವೆಬ್‌ಸೈಟೂ ತೆರೀತಿರಲಿಲ್ಲ, ಎಲ್ಲಕ್ಕೂ ‘ಸುರಕ್ಷಿತವಲ್ಲ’ ಅನ್ನೋದು. ವೈಫೈ ಡ್ರೈವರ್ ಬದಲಾಯಿಸಿದ್ವಿ, ಬ್ರೌಸರ್ ಬದಲಾಯಿಸಿದ್ವಿ. ಎರಡು ರಾತ್ರಿ ಹೋದ ಮೇಲೆ ಒಬ್ಬನ ಕಣ್ಣು ಮೂಲೆಯ ಗಡಿಯಾರಕ್ಕೆ ಬಿತ್ತು. ಇಸವಿ 2014! ಸಿಆರ್2032 ಸೆಲ್ಲು ಸತ್ತುಹೋಗಿ ಕಾಲ ಹಿಂದಕ್ಕೆ ಹೋಗಿತ್ತು. ಆ ಯಂತ್ರದ ಲೆಕ್ಕದಲ್ಲಿ ಇವತ್ತಿನ ವೆಬ್‌ಸೈಟುಗಳ ಸರ್ಟಿಫಿಕೇಟುಗಳು ಇನ್ನೂ ಹುಟ್ಟೇ ಇರಲಿಲ್ಲ.

ಪೆಂಟಿಯಂ 4 ಎರಡನ್ನೂ ಕೈಬಿಟ್ವಿ. 32 ಬಿಟ್‌ಗೆ ಈಗ ಮುಖ್ಯವಾದ ಲಿನಕ್ಸ್‌ಗಳೇ ಹೊಸ ಆವೃತ್ತಿ ಕೊಡ್ತಿಲ್ಲ, ಮೇಲಾಗಿ ಒಂದರ ಬೋರ್ಡಿನಲ್ಲಿ ಏಳು ಕೆಪಾಸಿಟರ್ ಉಬ್ಬಿ ತಲೆ ಒಡೆದಿದ್ವು. ಆಫೀಸಿನದ್ದರಲ್ಲಿ ಮೂರು ಬೋರ್ಡುಗಳು ಏನು ಮಾಡಿದ್ರೂ ಏಳಲಿಲ್ಲ. ಅವುಗಳ ರ‍್ಯಾಮ್, ಫ್ಯಾನು, ಕೇಬಲ್ಲುಗಳು ಬೇರೆಯವಕ್ಕೆ ಹೋದವು. ಹದಿನಾಲ್ಕರಲ್ಲಿ ಉಳಿದದ್ದು ಒಂಬತ್ತು. ಒಂಬತ್ತಕ್ಕೂ ಹಳೇ ಹಾರ್ಡ್ ಡಿಸ್ಕ್ ತೆಗೆದು 120 ಜಿಬಿಯ ಎಸ್‌ಎಸ್‌ಡಿ ಹಾಕಿದ್ವಿ. ಒಂದಕ್ಕೆ ಸಾವಿರದ ಚಿಲ್ಲರೆ ಆಯ್ತು. ಈ ದುಡ್ಡು ಎಲ್ಲಿಂದ ಬಂತು ಅಂದ್ರೆ, ಕಾಲೇಜ್ ಫೆಸ್ಟಿನಲ್ಲಿ ನಾವು ಚುರುಮುರಿ ಸ್ಟಾಲ್ ಹಾಕಿದ್ದು ನೆನಪಿದೆಯಾ? ಖಾರ ಜಾಸ್ತಿ ಅಂತ ಬೈದವರಿಗೆಲ್ಲ ತಡವಾಗಿ ಧನ್ಯವಾದ.

ಇಲ್ಲೊಂದು ಮಾತು. ನಮ್ಮೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ನಾವ್ಯಾರೂ ಹುಟ್ಟೋದಕ್ಕೆ ಮುಂಚೆ. ಇವತ್ತಿಗೂ ಮೈಸೂರಿನ ರಸ್ತೆಯಲ್ಲಿ ಜಾವಾ, ಯೆಜ್ಡಿ ಓಡ್ತಿವೆ. ಕಂಪನಿ ಕೈಬಿಟ್ಟ ಗಾಡಿಯನ್ನ ಮೆಕ್ಯಾನಿಕ್‌ಗಳು ಮೂವತ್ತು ವರ್ಷದಿಂದ ಓಡಿಸ್ತಿದ್ದಾರೆ, ಅದನ್ನ ನೋಡಿ ನಾವು ಹೆಮ್ಮೆಪಡ್ತೀವಿ. ಅದೇ ಊರಲ್ಲಿ ಹತ್ತು ವರ್ಷದ ಕಂಪ್ಯೂಟರ್ ಗುಜರಿಗೆ ಹೋಗೋದು ನಮಗೆ ಸಹಜ ಅನ್ಸುತ್ತೆ. ಗುಜರಿಗೆ ಹೋದದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳಬೇಡಿ. 2015, 2016ರಲ್ಲಿ ದೇಶದ ಸ್ವಚ್ಛ ನಗರ ಅನ್ನಿಸಿಕೊಂಡ ನಮ್ಮೂರಿಗೂ ವಿದ್ಯಾರಣ್ಯಪುರಂ ಕಡೆ ಸೂಯೇಜ್ ಫಾರಂ ಅನ್ನೋ ಕಸದ ಬೆಟ್ಟ ಇದೆ.

ಈಗ ಮೇಷ್ಟ್ರ ವಿಷಯ.

ದಾನ ಬಂದ ಯಂತ್ರಗಳಲ್ಲಿ ದಾನಿಗಳ ಬದುಕೇ ಇರುತ್ತೆ. ಸಂಬಳದ ಪಟ್ಟಿ, ಪಾಸ್‌ವರ್ಡುಗಳು, ಮೆಡಿಕಲ್ ರಿಪೋರ್ಟುಗಳು. ಆದ್ದರಿಂದ ನಾವು ಮೊದಲ ದಿನವೇ ಒಂದು ನಿಯಮ ಮಾಡಿಕೊಂಡ್ವಿ: ಬಂದ ಡಿಸ್ಕನ್ನ ತೆರೆದು ನೋಡಲೇಬಾರದು, ನೇರ ಅಳಿಸಬೇಕು. ಬರೀ ಫಾರ್ಮ್ಯಾಟ್ ಅಲ್ಲ. ಫಾರ್ಮ್ಯಾಟ್ ಮಾಡಿದ್ರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಒಳಗಿನ ಪುಟಗಳು ಹಾಗೇ ಇರ್ತವೆ, ಫೋಟೋರೆಕ್‌ನಂಥ ತಂತ್ರಾಂಶ ಹಾಕಿ ವಾಪಸ್ ತೆಗೀಬಹುದು. ಎನ್‌ವೈಪ್ ಹಾಕಿದ್ರೆ ಡಿಸ್ಕಿನ ಮೊದಲಿಂದ ಕೊನೆವರೆಗೆ ಪ್ರತಿ ಜಾಗದ ಮೇಲೂ ಸೊನ್ನೆ ಬರೆಯುತ್ತೆ. ಆಮೇಲೆ ಏನೂ ಇರಲ್ಲ. ಈ ವ್ಯತ್ಯಾಸ ಗೊತ್ತಿದೆ ಅನ್ನೋದೇ ನಮಗೊಂದು ಜಂಬ. ಜೂನಿಯರ್‌ಗಳಿಗೆ ಕೂರಿಸಿಕೊಂಡು ಪಾಠ ಬೇರೆ ಮಾಡಿದ್ವಿ.

ಮೇಷ್ಟ್ರ ಕಂಪ್ಯೂಟರ್ ತಂದ ದಿನ “ಸರ್, ಬೇಕಾಗಿರೋದೆಲ್ಲ ತಕ್ಕೊಂಡಿದ್ದೀರಾ?” ಅಂತ ಕೇಳಿದ್ವಿ. “ಹೂನಪ್ಪಾ, ಅದರಲ್ಲೇನಿದೆ, ತಗೊಂಡೋಗಿ” ಅಂದ್ರು. ಆ ರಾತ್ರಿಯೇ ಅಳಿಸಿದ್ವಿ.

ಹತ್ತು ದಿನ ಆದ ಮೇಲೆ ಒಂದು ಮಧ್ಯಾಹ್ನ ಅವರೇ ಆಟೋ ಮಾಡ್ಕೊಂಡು ಹಾಸ್ಟೆಲ್ ಹತ್ರ ಬಂದ್ರು. ಕೈಯಲ್ಲಿ ಹೊಸ ಪೆನ್‌ಡ್ರೈವ್, ಇನ್ನೂ ಪ್ಯಾಕಿಂಗ್ ಬಿಚ್ಚಿರಲಿಲ್ಲ. ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಆಗಿತ್ತಂತೆ. ಇಬ್ಬರೂ ಸೇರಿ ಹೋಗಿದ್ದ ಬದರಿ, ಕೇದಾರದ ಫೋಟೋಗಳು, ಮಗನ ಮದುವೆಯವು, ಎಲ್ಲ ಆ ಕಂಪ್ಯೂಟರಿನಲ್ಲಿ ‘ನ್ಯೂ ಫೋಲ್ಡರ್’ ಅನ್ನೋ ಹೆಸರಲ್ಲಿ ಇದ್ವಂತೆ. ಅವರ ಮನಸ್ಸಲ್ಲಿ ಫೋಟೋ ಅಂದ್ರೆ ಕ್ಯಾಮೆರಾದಲ್ಲಿ ಇರೋದು. ಕ್ಯಾಮೆರಾ ಅಲ್ಮೇರಾದಲ್ಲಿ ಭದ್ರವಾಗಿತ್ತು. ಅದರ ಕಾರ್ಡ್ ಖಾಲಿ ಮಾಡಿ ಕಂಪ್ಯೂಟರಿಗೆ ಹಾಕಿದ್ದು ಮಗ, ಅದೂ ವರ್ಷಗಳ ಹಿಂದೆ. “ಒಂದು ಹತ್ತು ನಿಮಿಷದ ಕೆಲಸ ಅಲ್ವಾಪ್ಪಾ? ಕಾಯ್ತೀನಿ” ಅಂತ ಸೈಕಲ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತರು.

ನಾವು ರೂಮೊಳಗೆ ಹೋಗಿ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಡಿಸ್ಕು ಅಲ್ಲೇ ಇತ್ತು. ಫೋಟೋರೆಕ್ ಹಾಕಿ ನೋಡಿದ್ವಿ, ಫಲಿತಾಂಶ ಗೊತ್ತಿದ್ದೂ. ಶೇಕಡ ಒಂದು, ಎರಡು, ಮೂರು ಅಂತ ಏರ್ತಾ ಹೋಯ್ತು, ಸಿಕ್ಕಿದ ಫೈಲುಗಳು ಸೊನ್ನೆ. ನಾವು ಅರೆಬರೆ ಕೆಲಸ ಮಾಡಿದ್ದಿದ್ರೆ ಅವರ ಫೋಟೋಗಳು ಸಿಕ್ತಿದ್ವು. ಅಚ್ಚುಕಟ್ಟಾಗಿ ಮಾಡಿದ್ದಕ್ಕೇ ಹೋದ್ವು. ಹೊರಗೆ ಬಂದು ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ, ಕೊನೆಗೆ ಹೇಳಿದ್ವಿ. ಅವರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಆ ಪೆನ್‌ಡ್ರೈವ್ ಪ್ಯಾಕೆಟ್ಟನ್ನ ತಿರುಗಿಸಿ ತಿರುಗಿಸಿ ನೋಡಿ, “ನೀವು ಕೇಳಿದ್ರಿ, ನಾನೇ ಹೇಳಲಿಲ್ಲ” ಅಂದ್ರು. ಆಮೇಲೆ ನೀರು ಕೇಳಿ ಕುಡಿದು ಹೊರಟರು.

ನಾವು ಕೇಳಿದ್ದು ನಿಜ. ಆದ್ರೆ ಅದು ನಮ್ಮ ಪ್ರಶ್ನೆ, ನಮ್ಮ ಭಾಷೆ. ‘ಬೇಕಾಗಿರೋದು’ ಅಂದ್ರೆ ಅವರಿಗೆ ಪತ್ರಗಳು, ಬ್ಯಾಂಕಿನದು, ಪೆನ್ಷನ್‌ದು. ‘ಇದರಲ್ಲಿ ಫೋಟೋ ಇದೆಯಾ’ ಅಂತ ನಾವು ಕೇಳಲಿಲ್ಲ. ಡಿಜಿಟಲ್ ಕಂದಕ ಅಂತ ನಾವು ಪೋಸ್ಟರಿನಲ್ಲಿ ಬರೆದಿದ್ದು ಬಡ ಮಕ್ಕಳ ಬಗ್ಗೆ. ಅದು ಸರಸ್ವತಿಪುರಂನ ಸ್ವಂತ ಮನೆಯ ಹಾಲ್‌ನಲ್ಲೂ ಇರುತ್ತೆ ಅಂತ ಹೊಳೆದಿರಲಿಲ್ಲ. ಅವರ ಮಗನಿಗೆ ನಾವೇ ಬರೆದ್ವಿ. ಅವರ ಹಳೇ ಮೇಲ್‌ನಲ್ಲಿ ಏಳು ಫೋಟೋ ಸಿಕ್ಕವು. ಪ್ರಿಂಟ್ ಹಾಕಿಸಿ ತಗೊಂಡು ಹೋಗಿ ಕೊಟ್ಟು ಬಂದ್ವಿ. ಫೋಲ್ಡರಿನಲ್ಲಿ ನಾನೂರಕ್ಕೂ ಮೇಲೆ ಇದ್ದವಂತೆ.

ಆ ದಿನದಿಂದ ಡಿಸ್ಕ್ ಬಂದ್ರೆ ತೆಗೆದು, ದಾನಿಯ ಹೆಸರು ಬರೆದ ಕವರಿನಲ್ಲಿ ಹಾಕಿ ಎರಡು ತಿಂಗಳು ಇಡ್ತೀವಿ. ನಡುವೆ ಎರಡು ಸಲ ಫೋನ್ ಮಾಡ್ತೀವಿ. ಪ್ರಶ್ನೆಯನ್ನೂ ಬದಲಾಯಿಸಿದ್ದೀವಿ.

ಸಾಫ್ಟ್‌ವೇರಿನ ವಿಷಯಕ್ಕೆ ಬಂದ್ರೆ, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಹಾಕಿದ್ವಿ. ಹಗುರ, 4 ಜಿಬಿ ರ‍್ಯಾಮಿಗೆ ಸಾಕು. ಕಿವಿಕ್ಸ್‌ನಲ್ಲಿ ಇಡೀ ಕನ್ನಡ ವಿಕಿಪೀಡಿಯ ಇಳಿಸಿ ಇಟ್ವಿ, ಶಾಲೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಕನ್ನಡ ಟೈಪಿಂಗಿಗೆ ಲಿನಕ್ಸ್‌ನಲ್ಲೇ ಕಗಪ ವಿನ್ಯಾಸ ಇದೆ, ಬೇರೇನೂ ಹಾಕಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ್ದು. ನುಡಿಯಲ್ಲಿ ಬರೆದವರಿಗೆ ಪರಿಚಿತ. ಒತ್ತಕ್ಷರಕ್ಕೆ ಎಫ್ ಕೀಲಿ. ‘ಕನ್ನಡ’ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಒತ್ತು. ನಮ್ಮಲ್ಲಿ ಅರ್ಧ ಜನ ವಾಟ್ಸಾಪಿನಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋರು. ಮಕ್ಕಳಿಗೆ ಹೇಳಿಕೊಡೋಕೆ ಅಂತ ಕೂತು ಕಲಿತ್ವಿ. ಈ ಲೇಖನ ಅದರಲ್ಲೇ ಟೈಪ್ ಆಗಿದೆ.

ಕಂಪ್ಯೂಟರ್ ಕೊಟ್ಟಿದ್ದು ಊರಿನ ಪೂರ್ವ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಗೆ. ಎಂಟು ಕೊಟ್ವಿ, ಒಂದು ಬಿಡಿಭಾಗಕ್ಕೆ ಅಂತ ಇಟ್ಕೊಂಡ್ವಿ. ಸೆಪ್ಟೆಂಬರ್ ಮಧ್ಯದಲ್ಲಿ ಜೋಡಿಸಿ, ಫೋಟೋ ತೆಗೆಸಿಕೊಂಡು, ಇನ್‌ಸ್ಟಾದಲ್ಲಿ ಹಾಕಿಕೊಂಡು ಬಂದ್ವಿ. ಇನ್ನೂರ ಹತ್ತು ಲೈಕ್ಸ್. ಆಮೇಲೆ ದಸರಾ ರಜೆ ಬಂತು, ಆ ವರ್ಷ ಸಮೀಕ್ಷೆ ಕೆಲಸಕ್ಕೆ ಮೇಷ್ಟ್ರುಗಳು ಬೇಕು ಅಂತ ರಜೆ ಅಕ್ಟೋಬರ್ 18ರವರೆಗೆ ಹೋಯ್ತು, ಹಿಂದೆಯೇ ದೀಪಾವಳಿ. ತಿಂಗಳ ಕೊನೆಯಲ್ಲಿ ಹೋಗಿ ನೋಡಿದ್ರೆ ರೂಮಿಗೆ ಬೀಗ. ಕಿಟಕಿಯಿಂದ ಇಣುಕಿದ್ವಿ. ರಜೆಗೆ ಮುಂಚೆಯೇ ಆಯುಧಪೂಜೆ ಮುಗಿಸಿದ್ರು ಅನ್ಸುತ್ತೆ. ಎಂಟೂ ಮಾನಿಟರಿನ ಹಣೆಗೆ ವಿಭೂತಿ ಪಟ್ಟೆ, ಕುಂಕುಮ, ಮೇಲೆ ಒಣಗಿದ ಸೇವಂತಿಗೆ. ಕೀಬೋರ್ಡುಗಳು ಕೊಟ್ಟಾಗ ಸುತ್ತಿದ್ದ ಪ್ಲಾಸ್ಟಿಕ್ಕಿನಲ್ಲೇ ಇದ್ವು. ಪೂಜೆ ಆಗಿತ್ತು, ಮಕ್ಕಳು ಮುಟ್ಟಿರಲಿಲ್ಲ.

ಸಿಟ್ಟು ಬಂತು. ಸರ್ಕಾರಿ ಶಾಲೆ ಅಂದ್ರೆ ಇಷ್ಟೇ ಅಂತ ದಾರಿಯಲ್ಲಿ ಮಾತಾಡಿಕೊಂಡು ಬಂದ್ವಿ. ಮಾರನೇ ದಿನ ಹೆಡ್ ಮೇಡಂ ಹತ್ರ ಕೂತಾಗ ಅವರು ಮಾತಿಲ್ಲದೆ ಒಂದು ಉದ್ದನೆಯ ಪುಸ್ತಕ ತೆಗೆದು ನಮ್ಮ ಮುಂದೆ ತಿರುಗಿಸಿಟ್ರು. ಸ್ಟಾಕ್ ರಿಜಿಸ್ಟರ್. “ನೋಡ್ರಪ್ಪಾ, ಇದರಲ್ಲಿ ಏರಿಸಿದ ಮೇಲೆ ಒಂದು ಮೌಸ್ ಹೋದ್ರೂ ನಾನು ಉತ್ತರ ಕೊಡಬೇಕು. ನನಗೆ ರಿಟೈರ್‌ಮೆಂಟಿಗೆ ಹದಿನಾಲ್ಕು ತಿಂಗಳಿದೆ. ಏರಿಸದೆ ಇಟ್ರೆ ಅದೂ ತಪ್ಪು. ನೀವು ಇಟ್ಟು ಹೋದ್ರಿ, ಒಂದು ಕಾಗದ ಕೊಟ್ರಾ?” ಕೊಟ್ಟಿರಲಿಲ್ಲ. ಬ್ಯಾನರ್ ಪ್ರಿಂಟ್ ಹಾಕಿಸಿದ್ವಿ, ದಾನಪತ್ರ ಬರೆದಿರಲಿಲ್ಲ. “ಮತ್ತೆ ಇನ್ನೊಂದು. ಮೊದಲನೇ ದಿನ ಒಂದು ಹುಡುಗಿ ಡಬ್ಬಿ ಮುಟ್ಟಿ ಜುಂ ಅಂತು ಅಂದ್ಳು. ಮಗೂಗೆ ಏನಾದ್ರೂ ಆಗಿದ್ರೆ?”

ಅದು ನಿಜವೇ. ನಮ್ಮ ಟ್ರಿಪಲ್ ಇ ಹುಡುಗ ಮಲ್ಟಿಮೀಟರ್ ತಂದು ನೋಡಿದ. ಆ ರೂಮಿನ ಪ್ಲಗ್ ಪಾಯಿಂಟುಗಳ ಮೂರನೇ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಎಸ್‌ಎಂಪಿಎಸ್ ಒಳಗೆ ಶಬ್ದ ಸೋಸೋ ಪುಟ್ಟ ಕೆಪಾಸಿಟರುಗಳು ಎರಡೂ ತಂತಿಗಳಿಂದ ಕ್ಯಾಬಿನೆಟ್ಟಿಗೆ ಸೇರಿರ್ತವೆ. ಅರ್ಥಿಂಗ್ ಇಲ್ಲದಿದ್ರೆ ಕ್ಯಾಬಿನೆಟ್ ಮೈಮೇಲೆ ಹತ್ತಿರತ್ತಿರ ಅರ್ಧ ವೋಲ್ಟೇಜ್ ತೇಲ್ತಿರುತ್ತೆ. ಕರೆಂಟು ಅತಿ ಕಮ್ಮಿ, ಜುಂ ಅನ್ನುತ್ತೆ. ಆದ್ರೆ ಎಂಟು ಯಂತ್ರಗಳಲ್ಲಿ ಒಂದರ ಒಳಗೆ ನಿಜವಾದ ದೋಷ ಬಂದ್ರೆ ಕಾಪಾಡೋಕೆ ಏನೂ ಇರಲ್ಲ. ಎರಡನೇ ಸೆಮಿಸ್ಟರಿನಲ್ಲಿ ಪೈಪ್ ಅರ್ಥಿಂಗಿನ ಚಿತ್ರ ಬರೆದು ಮಾರ್ಕ್ಸ್ ತಗೊಂಡವರು ನಾವೇ. ಇದ್ದಿಲು, ಉಪ್ಪು, ಜಿ.ಐ. ಪೈಪು. ಆ ಚಿತ್ರ ಜೀವನದಲ್ಲಿ ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಎಲೆಕ್ಟ್ರಿಷಿಯನ್ ಒಬ್ಬರನ್ನ ಕರೆಸಿ ಶಾಲೆಯ ಹಿಂದೆ ಗುಂಡಿ ತೋಡಿಸಿದ್ವಿ. ನಾವೂ ಹಾರೆ ಹಿಡಿದ್ವಿ, ಎಲೆಕ್ಟ್ರಿಷಿಯನ್ನು “ಬಿಡ್ರಪ್ಪ, ಸಂಜೆ ಆಗೋಗುತ್ತೆ” ಅಂತ ಕಿತ್ತುಕೊಂಡ್ರು. ಜತೆಗೆ ಒಂದು ದಾನಪತ್ರ, ಹಾಳಾದ ಭಾಗ ನಾವೇ ಬದಲಾಯಿಸಿಕೊಡ್ತೀವಿ ಅನ್ನೋ ಒಂದು ಮುಚ್ಚಳಿಕೆ. ನವೆಂಬರ್ ಎರಡನೇ ವಾರ ಬೀಗ ತೆರೆಯಿತು.

ಇಲ್ಲಿ ಬೆಂಗಳೂರಿನ ಒಂದು ಉದಾಹರಣೆ ಹೇಳಬೇಕು. ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಅಂತ ಒಂದಿತ್ತು, ಎಸಿ-3 ಅಂತ ಕರೆಯೋರು. ಅಲ್ಲೂ ದಾನ ಬಂದ ಹಳೇ ಯಂತ್ರಗಳೇ, ಲಿನಕ್ಸೇ. ಅಲ್ಲಿನ ಮಕ್ಕಳು ಗಿಂಪ್‌ನಲ್ಲಿ ಬಿಡಿಸಿದ ಚಿತ್ರಗಳು ಊರೆಲ್ಲ ಸುದ್ದಿಯಾದವು. ನಾವು ಅದರ ಬಗ್ಗೆ ಓದಿಯೇ ಈ ಕೆಲಸಕ್ಕೆ ಇಳಿದದ್ದು. ಆದ್ರೆ ಓದುವಾಗ ನಮ್ಮ ಕಣ್ಣಿಗೆ ಬಿದ್ದದ್ದು ಹಳೇ ಯಂತ್ರ, ಲಿನಕ್ಸ್, ಚಿತ್ರ. ಸ್ವಯಂಸೇವಕರು ವಾರವಾರ ಅಲ್ಲಿಗೆ ಹೋಗ್ತಿದ್ರು ಅನ್ನೋ ಸಾಲನ್ನ ಓದಿಯೂ ಬಿಟ್ಟಿದ್ವಿ. ನಾವು ಒಂದೇ ದಿನ ಹೋಗಿ ಫೋಟೋ ತೆಗೆಸಿಕೊಂಡು ಬಂದವರು.

ಈಗ ಶನಿವಾರ ಶನಿವಾರ ಹೋಗ್ತೀವಿ. ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ. ನಾವು ಮೊದಲ ಕ್ಲಾಸಿಗೆ ಐವತ್ತು ಸ್ಲೈಡ್ ಮಾಡ್ಕೊಂಡು ಹೋಗಿದ್ವಿ, ‘ಕಂಪ್ಯೂಟರ್ ಎಂದರೇನು’ ಇಂದ ಶುರು. ಗಣಿತದ ಮೇಷ್ಟ್ರು ಹಿಂದೆ ನಿಂತು ಹತ್ತು ನಿಮಿಷ ನೋಡಿ, “ನಾನೊಂದು ತೋರಿಸ್ಲಾ?” ಅಂತ ಮೆಲ್ಲಗೆ ಕೇಳಿ, ಜಿಯೋಜೀಬ್ರಾ ತೆರೆದು ಒಂದು ತ್ರಿಭುಜ ಎಳೆದ್ರು. ಮೂಲೆ ಹಿಡಿದು ಜಗ್ಗಿದ್ರೆ ಆಕಾರ ಬದಲಾಗುತ್ತೆ, ಕೋನಗಳ ಮೊತ್ತ ಮಾತ್ರ 180 ಬಿಟ್ಟು ಕದಲಲ್ಲ. ಮಕ್ಕಳು ಮುಗಿಬಿದ್ರು. ನಮ್ಮ ಸ್ಲೈಡು ಅಲ್ಲಿಗೆ ಮುಗೀತು. ಕೇಳಿದ್ರೆ, ವರ್ಷಗಳ ಹಿಂದೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು, ಜಿಯೋಜೀಬ್ರಾ ಎಲ್ಲ ಕಲಿತಿದ್ರಂತೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆ ಜತೆ ನಡೆಸಿದ ಕಾರ್ಯಕ್ರಮ ಅದು. ಕಲಿತದ್ದನ್ನ ಮಕ್ಕಳಿಗೆ ತೋರಿಸೋಕೆ ಅವರ ಹತ್ರ ಓಡೋ ಯಂತ್ರ ಇರಲಿಲ್ಲ. ನಾವು ‘ಲಿನಕ್ಸ್ ಅಂದ್ರೇನು’ ಅಂತ ಅವರಿಗೆ ವಿವರಿಸೋಕೆ ಹೋಗಿದ್ದು ನೆನೆಸಿಕೊಂಡ್ರೆ ಈಗಲೂ ನಾಚಿಕೆ ಆಗುತ್ತೆ.

ಅವರ ಹತ್ರ ಒಂದು ಪೆನ್‌ಡ್ರೈವ್ ತುಂಬ ಹಳೇ ಪ್ರಶ್ನೆಪತ್ರಿಕೆಗಳಿದ್ವು. ತೆರೆದ್ರೆ ಬರೀ ಕಲಸುಮೇಲೋಗರ, ಇಂಗ್ಲಿಷ್ ಅಕ್ಷರ, ಚಿಹ್ನೆ. ಹಳೇ ನುಡಿ ಫಾಂಟಿನಲ್ಲಿ ಬರೆದದ್ದು. ಆ ಕಾಲದ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿತ್ತು. ಫಾಂಟಿಲ್ಲದಿದ್ರೆ ಕನ್ನಡವೇ ಇಲ್ಲ. ಯೂನಿಕೋಡಿಗೆ ಪರಿವರ್ತಿಸೋ ತಂತ್ರಾಂಶಗಳು ಬಿಟ್ಟಿಯಾಗಿ ಸಿಗ್ತವೆ, ಹಾಕಿಕೊಟ್ವಿ. ಅಲ್ಲಲ್ಲಿ ಅರ್ಕಾವೊತ್ತು ತಪ್ಪಿತ್ತು, ತಿದ್ದೋ ಕೆಲಸ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ. ಟೈಪಿಂಗ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇದು ನಾವು ಯೋಚಿಸಿದ್ರೂ ಸಿಗ್ತಿರಲಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಿದ ಖುಷಿ ಬೇರೆ.

ಅಂಕಿ ಅಂಶ ಇಲ್ಲದೆ ಇಂಜಿನಿಯರಿಂಗ್ ಲೇಖನ ಆಗಲ್ಲ ಅಂತ ಒಬ್ಬ ಹಟ ಹಿಡಿದಿದ್ದಾನೆ, ಆದ್ದರಿಂದ ಒಂದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಶೇಕಡ 23.4 ಮನೆಗಳಲ್ಲಿ, ಹಳ್ಳಿಗಳಲ್ಲಿ ಶೇಕಡ 4.4 ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಈಗ ಎಲ್ಲರ ಹತ್ರ ಫೋನ್ ಇದೆಯಲ್ಲ ಅಂತ ನಾವೂ ಅಂದ್ಕೊಂಡಿದ್ವಿ. ಆ ಶಾಲೆಯ ಮಕ್ಕಳ ಮನೆಗಳಲ್ಲಿ ಫೋನ್ ಇದೆ. ಅದು ಅಪ್ಪನ ಜತೆ ಬೆಳಿಗ್ಗೆ ಆಟೋದಲ್ಲಿ ಹೊರಟು ರಾತ್ರಿ ವಾಪಸ್ ಬರುತ್ತೆ.

ಹಾಗೆ ಫೋನ್ ಹೊರಗೆ ಹೋಗೋ ಮನೆಯ ಒಬ್ಬಳು ಹುಡುಗಿ, ಒಂಬತ್ತನೇ ಕ್ಲಾಸು, ಡಿಸೆಂಬರಿನ ಒಂದು ಶನಿವಾರ ಅಕ್ಕನನ್ನ ಕರ್ಕೊಂಡು ಬಂದ್ಳು. ಅಕ್ಕ ಎರಡನೇ ಪಿಯು. ಹೋದ ವರ್ಷ ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದಳು, ದುಡ್ಡು ಬಂದಿರಲಿಲ್ಲ. ಅಪ್ಪ ನಾಲ್ಕು ಸಲ ಒಂದು ಸೈಬರ್ ಸೆಂಟರಿಗೆ ಹೋಗಿದ್ದರಂತೆ, ಪ್ರತಿ ಸಲ ಐವತ್ತು ರೂಪಾಯಿ ಕೊಟ್ಟು ‘ಇನ್ನೂ ಬಂದಿಲ್ಲ, ಸರ್ವರ್ ಡೌನ್’ ಅನ್ನೋ ಉತ್ತರ ತಂದಿದ್ದರಂತೆ. ಸ್ಕ್ರೀನು ಮಾತ್ರ ಯಾವಾಗಲೂ ಕೌಂಟರಿನ ಆ ಕಡೆಗೆ ತಿರುಗಿರೋದು.

ನಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿದ್ವಿ. ತಂಗಿ ಕೀಬೋರ್ಡ್ ಮುಂದೆ ಕೂತಳು, ಅಕ್ಕ ಪಕ್ಕದಲ್ಲಿ ಅರ್ಜಿಯ ಜೆರಾಕ್ಸ್ ಹಿಡ್ಕೊಂಡು ಸಂಖ್ಯೆ ಓದಿದ್ಳು. ಮೂರು ಸಲ ಟ್ರೈ ಮಾಡಿದ ಮೇಲೆ ಪುಟ ಬಂತು. ನಾವು ಬಾಯಿ ಹಾಕಲಿಲ್ಲ. ಹಾಕಬಾರದು ಅಂತ ಅಷ್ಟರಲ್ಲಿ ಕಲಿತಿದ್ವಿ. ತಂಗಿ ಬೆರಳಿಟ್ಟು ಓದ್ತಾ ಹೋಗಿ ಒಂದು ಕಡೆ ನಿಂತಳು. ಅರ್ಜಿ ಮಂಜೂರಾಗಿತ್ತು! ದುಡ್ಡು ಕಳಿಸೋಕೆ ಆಗಿರಲಿಲ್ಲ, ಯಾಕಂದ್ರೆ ಅಕ್ಕನ ಆಧಾರ್ ಯಾವ ಬ್ಯಾಂಕ್ ಖಾತೆಗೂ ಜೋಡಣೆ ಆಗಿರಲಿಲ್ಲ. ಸರ್ವರ್‌ದು ಏನೂ ತಪ್ಪಿಲ್ಲ. ಒಂದು ವರ್ಷದಿಂದ ಆ ಸಾಲು ಅಲ್ಲೇ ಇತ್ತು.

“ಅಪ್ಪಂಗೆ ಇದನ್ನ ಯಾರೂ ಓದಿ ಹೇಳ್ಲೇ ಇಲ್ವಾ?” ಅಂತ ಅಕ್ಕ ಕೇಳಿದ್ಳು, ನಮ್ಮನ್ನಲ್ಲ, ತಂಗಿಯನ್ನ.

ಇದಕ್ಕೆ ಪರಿಹಾರ ಕಂಪ್ಯೂಟರಿನಲ್ಲಿ ಇಲ್ಲ. ಬ್ಯಾಂಕಿಗೆ ಹೋಗಿ ಒಂದು ಅರ್ಜಿ ಕೊಡಬೇಕು ಅಷ್ಟೇ. ‘ಮಾನ್ಯ ಶಾಖಾ ವ್ಯವಸ್ಥಾಪಕರಿಗೆ’ ಅಂತ ಶುರು ಮಾಡಿ ತಂಗಿಯೇ ಟೈಪ್ ಮಾಡಿದ್ಳು. ‘ವ್ಯವಸ್ಥಾಪಕ’ಕ್ಕೆ ಎರಡು ಸಲ ಎಫ್ ಒತ್ತಬೇಕು, ಎರಡನ್ನೂ ಸರಿಯಾಗಿ ಒತ್ತಿದ್ಳು. ಅರ್ಧ ಪುಟಕ್ಕೆ ನಲವತ್ತು ನಿಮಿಷ ಆಯ್ತು. ನಾವು ಐದು ನಿಮಿಷದಲ್ಲಿ ಮಾಡಿಕೊಡಬಹುದಿತ್ತು, ಕೈ ತುರಿಸ್ತಿತ್ತು, ಸುಮ್ಮನೆ ಕೂತಿದ್ವಿ. ಪೆನ್‌ಡ್ರೈವಿನಲ್ಲಿ ಹಾಕ್ಕೊಂಡು ಮೂಲೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ರು. ಐದು ರೂಪಾಯಿ.

ಇದನ್ನ ಬರೆಯೋ ಹೊತ್ತಿಗೆ ಬ್ಯಾಂಕಿನಲ್ಲಿ ಜೋಡಣೆ ಆಗಿದೆ, ದುಡ್ಡು ಇನ್ನೂ ಬಂದಿಲ್ಲ. ಪ್ರತಿ ಶನಿವಾರ ಇಬ್ಬರೂ ಬಂದು ಮೊದಲು ಆ ಪುಟ ತೆರೆದು ನೋಡ್ತಾರೆ. ಅಕ್ಕನಿಗೆ ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಡಿಗ್ರಿಗೆ ಸೇರೋ ಫೀಸಿನ ಲೆಕ್ಕ ಈ ದುಡ್ಡಿನ ಮೇಲೆ ನಿಂತಿದೆಯಂತೆ. ತಂಗಿ ಈಗ ಪಕ್ಕದ ಮನೆಯವರ ಜೆರಾಕ್ಸ್ ಪ್ರತಿಗಳನ್ನೂ ತರ್ತಾಳೆ. ಹೋದ ವಾರ ಮೂರು ತಂದಿದ್ದಳು.

ಎಂಟರಲ್ಲಿ ಒಂದರ ಎಸ್‌ಎಂಪಿಎಸ್ ಜನವರಿಯಲ್ಲಿ ಹೋಯ್ತು, ಇಟ್ಕೊಂಡಿದ್ದ ಒಂಬತ್ತನೆಯದರಿಂದ ತೆಗೆದು ಹಾಕಿದ್ದೀವಿ. ಇನ್ನೊಂದು ಹೋದ್ರೆ ನಮ್ಮ ಹತ್ರ ಏನೂ ಇಲ್ಲ. ಹೆಡ್ ಮೇಡಂ ಸ್ಟಾಕ್ ರಿಜಿಸ್ಟರಿನಲ್ಲಿ ಅದನ್ನೂ ಬರೆದುಕೊಂಡು ನಮ್ಮ ಸಹಿ ಹಾಕಿಸಿಕೊಂಡ್ರು. ನಾವು ಐದೂ ಜನ ಮುಂದಿನ ವರ್ಷ ಇಲ್ಲಿರಲ್ಲ, ಮುಚ್ಚಳಿಕೆ ಮಾತ್ರ ಅವರ ಫೈಲಿನಲ್ಲಿ ಇರುತ್ತೆ. ಆದ್ದರಿಂದ ಮೂರನೇ, ಐದನೇ ಸೆಮಿಸ್ಟರಿನವರು ಯಾರಾದ್ರೂ ಶನಿವಾರ ಹನ್ನೊಂದೂವರೆಗೆ ಸೈಕಲ್ ಸ್ಟ್ಯಾಂಡ್ ಹತ್ರ ಬನ್ನಿ, ಜತೆಯಲ್ಲಿ ಹೋಗೋಣ. ಮನೆಯಲ್ಲಿ ವಿಜಿಎ ಕೇಬಲ್, ಓಡೋ ಎಸ್‌ಎಂಪಿಎಸ್, ಡಿಡಿಆರ್-3 ರ‍್ಯಾಮ್ ಬಿದ್ದಿದ್ರೆ ತಂದುಕೊಡಿ. ಇಡೀ ಕಂಪ್ಯೂಟರ್ ತರೋದಾದ್ರೆ ತರೋ ಮುಂಚೆ ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿ, ಇದರಲ್ಲಿ ಫೋಟೋ ಇದೆಯಾ ಅಂತ.